ಹಸಿರೆಳೆಯ ಪಟ್ಟಿ

ಮುತ್ತವ್ವನ ಕೈಗಳು ಸುಮ್ಮನಿರುತ್ತಿರಲಿಲ್ಲ.

ಹೆಸರುಗಳು ಒಂದೊಂದಾಗಿ ಮರೆತುಹೋದವು. ಉಂಡದ್ದು ಮರೆಯಿತು. ಗಂಡ ಗೂಳಪ್ಪನನ್ನೇ ತೋರಿಸಿ, "ಯಾಂವಪಾ ಈ ಮುದುಕ, ಮುಂಜಾನಿಂದ ನಮ್ಮ ಕಟ್ಟಿ ಮ್ಯಾಲ ಕುಂತಾನ, ಒಂದ ರೊಟ್ಟಿ ಕೊಟ್ಟ ಕಳಸ್ರಿ" ಎಂದದ್ದೂ ಆಯಿತು. ಆದರೆ ಕೈಗಳು ಏನನ್ನೂ ಮರೆತಿರಲಿಲ್ಲ. ಹೊದ್ದ ಚಾದರದ ಅಂಚಿನಲ್ಲಿ ಒಂದು ಎಳೆ ಹುಡುಕಿ ಬಿಡಿಸುವುದು, ಎರಡು ತುದಿ ಸೇರಿಸಿ ಗಂಟು ಹಾಕುವುದು, ಮತ್ತೊಂದು ಎಳೆ ಹುಡುಕುವುದು. ಬನಹಟ್ಟಿಯ ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಮಗ್ಗದ ಮುಂದೆ ಮಾಡಿದ ಕೆಲಸವೇ ಅದು.

ಹೋದ ಚಳಿಗಾಲದಲ್ಲಿ ಮಗ ಮಾಂತೇಶನ ಪವರ್‌ಲೂಮ್‌ಗಳು ಓಡುತ್ತಿದ್ದಾಗ ಅವಳು ಒಳಗೆ ಹೋದಳು. "ಎಳಿ ಕಡದೈತಿ, ಮಗ್ಗ ನಿಲ್ಲಸ್ರೋ" ಎಂದು ಕೂಗಿದಳು. ಆ ಸದ್ದಿನಲ್ಲಿ ಮಾಂತೇಶನಿಗೆ ಕೇಳಲಿಲ್ಲ. ಬಾಗಿಲಲ್ಲಿ ನೀರಿನ ಕೊಡ ಹೊತ್ತು ನಿಂತಿದ್ದ ಸೊಸೆ ಕಾಂಚನಾಳಿಗೆ ಕೇಳಿತು. ಅವಳು ಕೊಡ ಚೆಲ್ಲಿ ಓಡಿ ಬರುವುದರೊಳಗೆ ಮುತ್ತವ್ವ ಓಡುವ ಮಗ್ಗಕ್ಕೆ ಕೈ ಹಾಕಿಬಿಟ್ಟಿದ್ದಳು. ಲಾಳಿ ಬಡಿದು ಬೆರಳು ಒಡೆದವು.

ಮನೆಯೇ ಮಗ್ಗ, ಮಗ್ಗವೇ ಮನೆ. ನಡುವೆ ಇರುವುದು ಒಂದು ಬಾಗಿಲು. ಅದಕ್ಕೆ ಚಿಲಕ ಹಾಕಿದರೆ ಮುತ್ತವ್ವ ಹಣೆಯಿಂದ ಬಾಗಿಲು ಬಡಿಯುತ್ತಿದ್ದಳು. ಡಾಕ್ಟರು ಹೇಳಿದ ಮೇಲೆ, ಅತ್ತು ಜಗಳಾಡಿ, ಕೊನೆಗೆ ಅವಳನ್ನು ಜಮಖಂಡಿಯಾಚೆ ಮುಧೋಳ ರಸ್ತೆಯಲ್ಲಿದ್ದ ಮರೆವಿನವರ ಆರೈಕೆ ಮನೆಗೆ ಬಿಟ್ಟು ಬಂದರು. ಬಿಡುವ ದಿನ ಮಾಂತೇಶ ಅಲ್ಲಿಯ ಮ್ಯಾನೇಜರ್ ಬಾಳೇಶನಿಗೆ ಹೇಳಿದ್ದು ಒಂದೇ ಮಾತು: "ನಮ್ಮವ್ವನ ಕೈ ಮ್ಯಾಲ ನಿಗಾ ಇರಲ್ರಿ."

"ಸ್ವಂತ ತಾಯಿ ಹಂಗ ನೋಡ್ಕೋತೀವ್ರಿ" ಎಂದಿದ್ದ ಬಾಳೇಶ.

ಭಾನುವಾರ ಮಾತ್ರ ಭೇಟಿ. ಅದೂ ಮೊದಲು ಫೋನ್ ಮಾಡಿ ಬರಬೇಕು. ಹೋದಾಗಲೆಲ್ಲ ಮುತ್ತವ್ವ ಪಡಸಾಲೆಯ ಕುರ್ಚಿಯಲ್ಲಿ ತಲೆ ಬಾಚಿಸಿಕೊಂಡು, ಮುಖಕ್ಕೆ ಪೌಡರ್ ಹಚ್ಚಿಸಿಕೊಂಡು, ತೋಳುದ್ದದ ಸ್ವೆಟರ್ ತೊಟ್ಟು ಕುಳಿತಿರುತ್ತಿದ್ದಳು. ಕಾಂಚನಾ ಒಯ್ದ ಮುಟಗಿಯನ್ನು, ಬಿಸಿ ರೊಟ್ಟಿಗೆ ಬೆಳ್ಳುಳ್ಳಿ ಎಣ್ಣೆ ಹಾಕಿ ಕುಟ್ಟಿದ್ದನ್ನು, ಎರಡೂ ಕೈಯಿಂದ ಬಾಯಿಗೆ ತುಂಬಿಕೊಳ್ಳುತ್ತಿದ್ದಳು.

"ಹಿಂಗ್ಯಾಕ ಉಣ್ಣಾಕತ್ತಾರ್ರಿ?" ಎಂದು ಕಾಂಚನಾ ಕೇಳಿದರೆ ಬಾಳೇಶನ ಉತ್ತರ ಸಿದ್ಧವಿರುತ್ತಿತ್ತು. "ಈ ಬ್ಯಾನಿ ಹಂಗರೀ. ಉಂಡದ್ದು ನೆನಪ ಇರಂಗಿಲ್ಲ."

ಅವನೇ ಒಂದು ಭಾನುವಾರ ಮಾಂತೇಶನನ್ನು ಪಕ್ಕಕ್ಕೆ ಕರೆದ. "ಗಾದಿ ಬಿಗಿಯಾಕ ಪಟ್ಟಿ ಬೇಕಾಗ್ಯಾವ್ರಿ. ಮೂರ ಬೆರಳ ಅಗಲ. ಮೆತ್ತಗಿರಬೇಕು, ಜಗ್ಗಿದರ ಹರೀಬಾರದು. ನೇಕಾರ ಮಂದಿ ನೀವು, ನಿಮಗೇನ ಹೇಳೂದು."

ಅಷ್ಟು ಕಿರಿದಾದ ಪಟ್ಟಿ ಪವರ್‌ಲೂಮಿನಲ್ಲಿ ಬರುವುದಿಲ್ಲ. ಮಾಂತೇಶ ಅವ್ವನ ಹಳೆಯ ಕೈಮಗ್ಗದ ಧೂಳು ಜಾಡಿಸಿದ. ಮೆತ್ತನೆಯ ಹತ್ತಿ ನೂಲನ್ನು ಜೋಡೆಳೆ ಮಾಡಿ ಮಗ್ಗಕ್ಕೆ ಉದ್ದೆಳೆಗಳ ಹಾಸು ಏರಿಸಿದ. ಅವ್ವ ತಾನು ನೇದ ಪ್ರತಿ ಸೀರೆಯ ದಡಿಯಲ್ಲಿ ಒಂದು ಹಸಿರೆಳೆ ಬಿಡುತ್ತಿದ್ದಳು. ಅದನ್ನೂ ಮರೆಯದೆ ಪಟ್ಟಿಯ ಅಂಚಿಗೆ ಸೇರಿಸಿದ. ಮೊದಲ ಗಂಟು ಒಯ್ದು ಕೊಟ್ಟಾಗ ಬಾಳೇಶ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ, "ಭಾಳ ಛಲೋ ಆಗ್ಯಾವ. ನಮ್ಮ ಮಾಲಕರದು ಇನ್ನೂ ಎರಡು ಊರಾಗ ಇಂಥಾ ಮನಿ ಅದಾವು. ಅಲ್ಲಿಗೂ ಬೇಕು" ಎಂದ. ಮಾಂತೇಶ ಆ ದಿನ ಮಹಾಲಿಂಗಪುರದ ಪೇಡೆ ಕಟ್ಟಿಸಿಕೊಂಡು ಮನೆಗೆ ಬಂದ.

*

ಮಗಳು ಶೀತಲ್ ಜಮಖಂಡಿಯ ಕಾಲೇಜಿಗೆ ಹೋಗುವವಳು. ಅವಳ ಕನ್ನಡಕ ಒಡೆದಿತ್ತು. ಹೊಸದು ಮಾಡಿಸಲು ತಾಯಿ ಮಗಳು ಬುಧವಾರ ಜಮಖಂಡಿಗೆ ಹೋದರು. ಕನ್ನಡಕ ಸಿಗಲು ಹೊತ್ತಿತ್ತು.

"ಆಯಿನ್ನ ನೋಡ್ಕೊಂಡ ಬರೂಣಲ್ಲವ್ವಾ" ಎಂದಳು ಶೀತಲ್ ಅಜ್ಜಿಯನ್ನು ನೆನೆದು.

"ಇವತ್ತ ಭಾನುವಾರ ಅಲ್ಲ."

"ಆಯಿಗೇನ ಗೊತ್ತು ಇವತ್ತ ಯಾ ವಾರ ಅಂತ?"

ಕಾಂಚನಾ ನಕ್ಕಳು. ಅಲ್ಲಿಯೇ ಒಂದು ಡಜನ್ ಬಾಳೆಹಣ್ಣು ಕೊಂಡಳು.

ಗೇಟು ಅರೆ ತೆರೆದಿತ್ತು. ಕಾವಲುಗಾರ ಚಹಾಕ್ಕೆ ಹೋಗಿದ್ದ. ಒಳಗೆ ಟಿ.ವಿ. ಜೋರಾಗಿ ಒದರುತ್ತಿತ್ತು. ಫಿನಾಯಿಲ್ ವಾಸನೆಯ ಕೆಳಗೆ ಉಚ್ಚೆಯ ವಾಸನೆ. ದೊಡ್ಡ ಕೋಣೆಯಲ್ಲಿ ಗೋಡೆಗುಂಟ ಕುರ್ಚಿಗಳು, ಪ್ರತಿ ಕುರ್ಚಿಯ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅನ್ನ ಸಾರಿನ ತಾಟು, ತಾಟಿನ ತುಂಬ ನೊಣ.

ಮುತ್ತವ್ವ ಮೂಲೆಯಲ್ಲಿದ್ದಳು. ಅವಳ ಮುಂಗೈಯ ಮೇಲೆ ಹಸಿರೆಳೆ ಕಂಡಿತು. 'ಅಯ್ಯ, ನಮ್ಮ ಪಟ್ಟಿ' ಎಂದು ಕಾಂಚನಾಳಿಗೆ ಮೊದಲು ಹಿಗ್ಗೇ ಆಯಿತು. ಅದು ಅಲ್ಲಿ ಯಾಕಿದೆ ಎಂಬುದು ಆಮೇಲೆ ಹೊಳೆಯಿತು.

ಎರಡೂ ಕೈಗಳನ್ನು ಕುರ್ಚಿಯ ತೋಳಿಗೆ ಬಿಗಿದಿದ್ದರು. ಬೆರಳುಗಳು ಗಾಳಿಯಲ್ಲಿ ಎಳೆ ಹುಡುಕುತ್ತಿದ್ದವು. ಜಗ್ಗಿ ಜಗ್ಗಿ ಮುಂಗೈ ಸುತ್ತ ಚರ್ಮ ಸುಲಿದು ಕೆಂಪಾಗಿತ್ತು. ಬಾಯಿ ತಾಟಿನ ಕಡೆಗೆ ಬಾಗಿತ್ತು, ಆದರೆ ಮುಟ್ಟುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಜಮಖಂಡಿಯ ಶ್ರೀಧರ ಮಾಸ್ತರರು, ಒಂದು ಕಾಲಕ್ಕೆ ಹೈಸ್ಕೂಲಿನಲ್ಲಿ ಗಣಿತ ಹೇಳಿದವರು. ಅವರ ಕೈಗೂ ಅದೇ ಪಟ್ಟಿ, ಅದೇ ಹಸಿರೆಳೆ.

ಶೀತಲ್ ಫೋನ್ ತೆಗೆದು ಫೋಟೋ ಹೊಡೆಯತೊಡಗಿದಳು. ಕಾಂಚನಾ ಬಾಳೆಹಣ್ಣಿನ ಚೀಲ ನೆಲಕ್ಕೆ ಬಿಟ್ಟು, ಮೊಣಕಾಲೂರಿ ಗಂಟು ಬಿಚ್ಚತೊಡಗಿದಳು. ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

"ಅಕ್ಕಾರ, ಬಿಚ್ಚಬ್ಯಾಡ್ರಿ, ಸಾಹೇಬ್ರು ಬೈತಾರ!" ಅನ್ನದ ಬುಟ್ಟಿ ಹಿಡಿದು ಆಯಾ ಸತ್ಯವ್ವ ಓಡಿಬಂದಳು. "ನಾ ಒಬ್ಬಾಕಿನ ಇದೀನ್ರಿ. ಒಬ್ಬರಿಗಿ ಉಣಸೂದ್ರಾಗ ಇನ್ನೊಬ್ಬರು ರೋಡಿಗಿ ಹೋಗ್ತಾರ, ಮತ್ತೊಬ್ಬರು ಗಾದಿ ಹರೀತಾರ."

"ನಿನ್ನ ಪಾಳಿ ಬರೂತನಕ ಇವರು ತಾಟ ನೋಡಕೋತ ಕುಂದರಬೇಕ?"

ಸತ್ಯವ್ವ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

ಬಾಳೇಶ ಆಫೀಸಿನಿಂದ ಬಂದ. "ಬುಧವಾರ ಭೇಟಿ ಇಲ್ರಿ ಬಾಯಾರ. ರೂಲ್ ಗೊತ್ತಿಲ್ಲೇನು ನಿಮಗ?"

"ಕೈ ಯಾಕ ಕಟ್ಟೀರಿ?"

"ಸೇಫ್ಟಿ ಸಲವಾಗ್ರಿ. ಬಿದ್ದು ಸೊಂಟ ಮುರಕೊಂಡ್ರ ಮೊದಲ ಬೈಯಾವ್ರು ನೀವ."

"ಸೇಫ್ಟಿಗಿ ಉಣ್ಣಾಗೂ ಕಟ್ಟಬೇಕೇನು?"

"ನಿಮ್ಮ ಮನಿಯವರ ಹೇಳಿದ್ರಲ್ರಿ, ಕೈ ಮ್ಯಾಲ ನಿಗಾ ಇಡ್ರಿ ಅಂತ" ಎಂದ ಬಾಳೇಶ. ಆಮೇಲೆ ಅವಳ ಕೈಯಲ್ಲಿದ್ದ ಪಟ್ಟಿ ನೋಡಿ ಅಂದ: "ಪಟ್ಟಿ ಕೊಟ್ಟಾವ್ರೂ ಅವರ. ಒಂದ ಮಾತ ಕೇಳ್ರಿ ಅವರನ್ನ."

*

ಸಂಜೆ ಕಾಂಚನಾ ನಾಲ್ಕು ತಾಟು ಹಾಕಿದಳು. ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿ. ಮಾಂತೇಶನ ತಾಟಿನ ಪಕ್ಕದಲ್ಲಿ ಆ ಪಟ್ಟಿಯನ್ನು ಸುರುಳಿ ಸುತ್ತಿ ಇಟ್ಟಳು.

"ಇದೇನಲೇ?"

"ನಿಮ್ಮ ಮಾಲು. ಅತ್ತಿ ಮುಂಗೈಯಿಂದ ಬಿಚ್ಚಕೊಂಡ ಬಂದೀನಿ."

ಶೀತಲ್ ಫೋನು ಅಪ್ಪನ ಮುಖದ ಮುಂದೆ ಹಿಡಿದಳು. ಮಾಂತೇಶ ಒಮ್ಮೆ ನೋಡಿ ಮುಖ ತಿರುಗಿಸಿದ.

"ಗಾದಿ ಬಿಗಿಯಾಕ ಅಂದಿದ್ದಾ ಅಂವಾ."

"ನೀವು ಕೇಳಲಿಲ್ಲ? ಗಾದಿಗಿ ಮೆತ್ತಗಿನ ಪಟ್ಟಿ ಯಾಕ ಬೇಕು? ಗಾದಿ ಚರ್ಮ ಸುಲೀತೈತೇನು?"

"ನನಗೇನ ಕನಸ ಬಿದ್ದಿತ್ತ? ಮೈಮ್ಯಾಲ ಬರಬ್ಯಾಡ ಕಾಂಚನಾ. ನಾಳೆ ಹೋಗಿ ಕೇಳ್ತೇನಿ."

"ಕೇಳೂದೇನೈತಪ್ಪಾ" ಎಂದಳು ಶೀತಲ್. "ಆಯಿನ್ನ ಮನಿಗಿ ಕರಕೊಂಡ ಬರೂಣು."

"ಕರಕೊಂಡ ಬಂದು? ಮಗ್ಗ ನೀ ನಿಲ್ಲಸ್ತಿ? ಮತ್ತ ಆಕಿ ಕೈ ಹಾಕಿದ್ರ? ಬೆರಳಲ್ಲ, ಈ ಸಲ ಕೈನ ಹೋಗ್ತೈತಿ. ನೀ ಕಾಲೇಜ ಬಿಟ್ಟು ಕಾಯ್ಕೊಂಡ ಕುಂದರ್ತಿ?"

ಶೀತಲ್ ಫೋನು ಕೆಳಗಿಳಿಸಿದಳು. ಕಾಂಚನಾ ಬಿಡಲಿಲ್ಲ. "ಅವರು ಅಲ್ಲೇ ಇರಲಿ. ಖರೆ, ಅಲ್ಲೆ ಮನಶ್ಯಾರ ಹಂಗ ಇರಬೇಕು. ಮೊದಲ ಆ ಮಗ್ಗದ ಮ್ಯಾಲಿನ ಹಾಸು ಕೊಯ್ರಿ. ಇನ್ನ ಒಂದ ಪಟ್ಟಿ ಈ ಮನಿಯಿಂದ ಹೊರಗ ಹೋಗಬಾರದು."

ಮಾಂತೇಶ ರೊಟ್ಟಿ ಕೆಳಗಿಟ್ಟ. "ಏರಿಸಿದ ಹಾಸು ಅರ್ಧಕ್ಕ ಕೊಯ್ಯಬಾರದು. ಅವ್ವನ ಹೇಳಿದ ಮಾತದು. ನಮ್ಮ ಮನ್ಯಾಗ ಯಾರೂ ಕೊಯ್ದಿಲ್ಲ."

"ಅವ್ವನ ಮಾತ ನೆನಪೈತಿ. ಅವ್ವನ ಕೈ ನೆನಪಿಲ್ಲ."

ಕಂಬಕ್ಕೆ ಒರಗಿ ಕುಳಿತು ಗೂಳಪ್ಪ ಅಷ್ಟೂ ಹೊತ್ತು ಕೇಳಿಸಿಕೊಳ್ಳುತ್ತಿದ್ದ. ಮೊಣಕಾಲು ನೋವೆಂದು ಅವನು ಹೆಂಡತಿಯನ್ನು ನೋಡಲು ಹೋದದ್ದು ಕಡಿಮೆ. ಈಗ ಕೈ ಚಾಚಿ ಪಟ್ಟಿ ಎತ್ತಿಕೊಂಡ. ಹೆಬ್ಬೆರಳಿನಿಂದ ಅಂಚು ಸವರಿದ. ಮಗನ ಮುಂದೆ ಎರಡೂ ಕೈ ಒಡ್ಡಿದ.

"ಕಟ್ಟು."

"ಏನ್ ಯಪ್ಪಾ ಇದು, ಉಣ್ಣೂ ಹೊತ್ತಿನ್ಯಾಗ—"

"ಉಣ್ಣೂ ಹೊತ್ತಿನ್ಯಾಗ ಆಕಿಗಿ ಕಟ್ಟೂದಿಲ್ಲೇನು? ಕಟ್ಟಲೇ."

ಮಾಂತೇಶ ಕದಲಲಿಲ್ಲ. ಮುದುಕ ಸೊಸೆಯ ಕಡೆ ತಿರುಗಿದ. "ನೀ ಕಟ್ಟವಾ."

ಕಾಂಚನಾ ಮಾವನ ಕೈಗಳನ್ನು ಕೂಡಿಸಿ ಕಟ್ಟಿ, ಪಟ್ಟಿಯ ತುದಿಯನ್ನು ಹಿಂದಿನ ಕಂಬಕ್ಕೆ ಬಿಗಿದಳು. ತಾಟು ಅವನ ಮುಂದೆ ಒಂದು ಗೇಣು ದೂರದಲ್ಲಿತ್ತು. ಗೂಳಪ್ಪ ಬಾಗಿದ. ಮುಟ್ಟಲಿಲ್ಲ. ಒಂದು ನೊಣ ಹಿಂಡಿಯ ಮೇಲೆ ಕುಳಿತು, ಅಲ್ಲಿಂದ ಎದ್ದು ಅವನ ಮೂಗಿನ ಮೇಲೆ ಕುಳಿತಿತು. ಮುದುಕ ಮೂಗು ಕುಣಿಸಿದ. ಶೀತಲ್‌ಗೆ ನಗು ಬಂತು, ಬಂದ ನಗು ಗಂಟಲಲ್ಲೇ ಅಳುವಾಯಿತು. ಗೂಳಪ್ಪ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಜಗ್ಗಿದ. ಕಂಬ ಕಿರುಗುಟ್ಟಿತು. ಪಟ್ಟಿ ಕಿರುಗುಟ್ಟಲೂ ಇಲ್ಲ.

"ಹರೀಲಿಲ್ಲ" ಎಂದ ಮುದುಕ, ಏದುಸಿರು ಬಿಡುತ್ತ. "ಛಲೋ ನೇದಿ ಮಗನ."

ಮಾಂತೇಶ ಅರ್ಧ ಊಟದಲ್ಲಿ ಎದ್ದು ಹೋದ. ಆ ಸಂಜೆ ಪವರ್‌ಲೂಮುಗಳು ಮಾತ್ರ ಓಡಿದವು. ಕೈಮಗ್ಗದ ಸದ್ದು ಬರಲಿಲ್ಲ. ಆದರೆ ಹಾಸು ಮಗ್ಗದ ಮೇಲೇ ಉಳಿಯಿತು.

*

ಮರುದಿನ ಮಾಂತೇಶ ಹೋಗಿ ಕೇಳಿ ಬಂದ. ಇನ್ನು ಕಟ್ಟುವುದಿಲ್ಲ ಎಂದರಂತೆ. ಎರಡು ದಿನ ಬಿಟ್ಟು ಕಾಂಚನಾ ಹೋದಾಗ ಗೇಟಿಗೆ ಬೀಗವಿತ್ತು. ಮತ್ತೆರಡು ದಿನ ಬಿಟ್ಟು ಹೋದಾಗಲೂ ಬೀಗ. "ಭಾನುವಾರ ಬರ್ರಿ" ಎಂದ ಕಾವಲುಗಾರ. ಕಾಂಚನಾ ಮುಂಜಾನೆ ಎದ್ದು ಕಸ ಮುಸುರೆ ಮುಗಿಸಿ, ರೊಟ್ಟಿ ಬಡಿದು, ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿಟ್ಟು, ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗುವುದು, ಗೇಟಿನ ಹೊರಗೆ ನಿಂತು ಬರುವುದು. ಮುಟಗಿಯ ಡಬ್ಬಿ ಹಾಗೇ ಮನೆಗೆ ಬರುತ್ತಿತ್ತು. ಗಂಡನೊಡನೆ ಮಾತು ನಿಂತಿತ್ತು. ತಾಟು ಇಡುವಳು, ನೀರು ಇಡುವಳು, ಮುಖ ನೋಡುತ್ತಿರಲಿಲ್ಲ.

"ಉಪ್ಪ ಕಡಿಮಿ ಆಗೇತಿ" ಎಂದರೆ, "ಶೀತಲ್, ಉಪ್ಪ ಕೊಡು ನಿಮ್ಮಪ್ಪಗ" ಎನ್ನುವಳು.

ಗೇಟಿನ ಹೊರಗೆ ಒಂದು ದಿನ ಮಥುರಾಬಾಯಿ ಸಿಕ್ಕರು. ಶ್ರೀಧರ ಮಾಸ್ತರರ ಹೆಂಡತಿ. ಒಂಬತ್ತು ವಾರಿ ಸೀರೆ, ಕೈಯಲ್ಲಿ ಸಾಬೂದಾಣಿ ಖಿಚಡಿಯ ಡಬ್ಬಿ. ಅವರನ್ನೂ ಒಳಗೆ ಬಿಟ್ಟಿರಲಿಲ್ಲ. ಶೀತಲ್ ಹೊಡೆದ ಫೋಟೋ ನೋಡಿದವರೇ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತುಬಿಟ್ಟರು.

"ನನಗ ಹೇಳಿದ್ರು, ಗಾದಿ ಮ್ಯಾಲಿಂದ ಬಿದ್ದು ಕೈ ತರಚೇದ ಅಂತ. ನಾ ನಂಬಿದೆ. ಅರೇ ದೇವಾ, ಸಾಲ್ಯಾಗ ಒಂದು ಹುಡುಗನ ಮ್ಯಾಲೆ ಕೈ ಎತ್ತಿದವರಲ್ಲ ಅವರು. ಅವರ ಕೈ ಕಟ್ಟ್ಯಾರ!"

"ಮನಿಗಿ ಕರಕೊಂಡ ಹೋಗ್ತೀರೇನ್ರಿ?"

"ಹೆಂಗ ಒಯ್ಯಲಿ? ಅವರು ಎದ್ದು ನಿಂತ್ರ ನನ್ನ ಎರಡರಷ್ಟು. ಬಿದ್ದರ ಎತ್ತೂ ಶಕ್ತಿ ನನಗಿಲ್ಲ. ಮಗಳು ಗೌತಮಿ ಸೋಲಾಪುರದಾಗ ಇದ್ದಾಳ, ಆಕೀಗೆ ಆಕೀದೇ ಸಂಸಾರ." ಮಥುರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಗೇಟಿನ ಬೀಗ ನೋಡಿದರು. "ಅದಕ್ಕೇ ಇವರಿಗಿಷ್ಟು ಧಿಮಾಕು. ನಾವು ಎಲ್ಲೂ ಒಯ್ಯಂಗಿಲ್ಲ ಅಂತ ಇವರಿಗೆ ಗೊತ್ತದ."

ಶೀತಲ್ ಫೋಟೋ ಸಮೇತ ಜಿಲ್ಲೆಯ ಅಧಿಕಾರಿಗಳಿಗೆ ದೂರು ಬರೆದಿಟ್ಟಿದ್ದಳು. ಮಥುರಾಬಾಯಿಯವರೂ ಒಂದು ಸಹಿ ಹಾಕಿದ ಮೇಲೆ ಅದನ್ನು ಕಳಿಸಿದಳು. ಅದಾಗಿ ಎರಡು ವಾರಕ್ಕೆ ಬಾಳೇಶನೇ ಫೋನ್ ಮಾಡಿದ, ಬಹಳ ನಯವಾಗಿ. "ಗುರುವಾರ ತಪಾಸಣಿ ಐತ್ರಿ. ಮನಿಯವರೆಲ್ಲ ಬಂದು ಎರಡ ಛಲೋ ಮಾತ ಹೇಳಬೇಕು. ಮಾಂತೇಶಣ್ಣಾರ, ಉಳಿದ ಪಟ್ಟಿನೂ ತಗೊಂಡ ಬರ್ರಿ, ಅವತ್ತ ಲೆಕ್ಕಾ ಮುಗಸೂಣು."

"ಬರ್ತೀನ್ರಿ" ಎಂದ ಮಾಂತೇಶ.

ಒಲೆಯ ಮುಂದಿದ್ದ ಕಾಂಚನಾಳಿಗೆ ಆ ಮಾತು ಕೇಳಿತು. ಬಡಿಯುತ್ತಿದ್ದ ರೊಟ್ಟಿ ಅವಳ ಕೈಯಲ್ಲಿ ಹರಿಯಿತು. "ಕೊಟ್ಟ ಬರ್ರಿ" ಎಂದಳು, ಅಷ್ಟು ದಿನಗಳ ಮೇಲೆ ಗಂಡನಿಗೆ ನೇರವಾಗಿ. "ನಾಳೆ ನನಗ ಹಿಂಗ ಆದ್ರ, ನನಗೂ ಅದರಾಗಿಂದ ಒಂದ ಜೋಡಿ ತಗದ ಇಡ್ರಿ."

ಮಾಂತೇಶ ಫೋನು ಕಿಸೆಗೆ ಹಾಕಿ ಮಗ್ಗದ ಕೋಣೆಗೆ ನಡೆದ.

*

ಗುರುವಾರ ಕಾಂಚನಾ ಬಂದಾಗ ಗೇಟು ಹಾರು ಹೊಡೆದಿತ್ತು. ಬಾಗಿಲಿಗೆ ಚೆಂಡುಹೂವಿನ ಮಾಲೆ. ಹಾಸಿಗೆಗಳಿಗೆ ಮಡಿಕೆ ಕೂಡ ಬಿಚ್ಚಿರದ ಹೊಸ ಚಾದರ. ಎಲ್ಲರ ತಲೆಗೂ ಎಣ್ಣೆ, ಎಲ್ಲರ ಕೈಯಲ್ಲೂ ಒಂದು ಬಾಳೆಹಣ್ಣು. ಮುತ್ತವ್ವನಿಗೆ ತೋಳು ಉದ್ದದ ಸ್ವೆಟರ್ ತೊಡಿಸಿದ್ದರು, ಬಿಸಿಲು ಸುರಿಯುವ ಆ ಮಧ್ಯಾಹ್ನ. ಅಡುಗೆಮನೆಯಲ್ಲಿ ಎರಡು ಹೊಸ ಹೆಂಗಸರು ಏಪ್ರನ್ ಕಟ್ಟಿಕೊಂಡು ನಿಂತಿದ್ದರು. ತಪಾಸಣೆ ತಂಡದ ಮೇಡಮ್ ಬೆಂಕಿ ಆರಿಸುವ ಸಿಲಿಂಡರ್ ನೋಡಿದರು, ನೀರಿನ ಫಿಲ್ಟರ್ ನೋಡಿದರು, ಬಾತ್‌ರೂಮಿನ ಹಿಡಿಕೆ ಅಲುಗಾಡಿಸಿ ನೋಡಿದರು.

"ಕಟ್ಟಿ ಹಾಕ್ತಾರಂತ ದೂರು ಬಂದೈತಿ" ಎಂದರು.

"ಛೇ ಛೇ! ಒಂದ ದಿನ ಆಯಾ ಹೊಸಬಾಕಿ ತಪ್ಪ ಮಾಡಿದ್ಲರಿ" ಎಂದ ಬಾಳೇಶ. "ಇಲ್ಲಿ ಪಟ್ಟಿ ಅನ್ನೂದ ಇಲ್ಲ."

ಸತ್ಯವ್ವ ನೆಲ ನೋಡಿದಳು. ಅವಳು ಹೊಸಬಳಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಕಾಂಚನಾ ಅತ್ತೆಯ ಸ್ವೆಟರಿನ ತೋಳು ಮೇಲಕ್ಕೆ ಸರಿಸಿದಳು. ಹಳೆಯ ಗಾಯದ ಮೇಲೆ ಹೊಸ ಗಾಯವಿತ್ತು. "ಒಂದ ದಿನದ ತಪ್ಪೇನ್ರಿ ಇದು?"

"ಆಕಿ ತಾನ ಕೆರಕೋತಾಳ್ರಿ" ಎಂದ ಬಾಳೇಶ.

ಹೊರಗೆ ಬೈಕು ನಿಂತ ಸದ್ದಾಯಿತು. ಮಾಂತೇಶ ಒಂದು ಗೋಣಿಚೀಲ ಹಿಡಿದು ಒಳಗೆ ಬಂದ. ಹಿಂದೆ ಕೋಲೂರಿಕೊಂಡು ಗೂಳಪ್ಪ. ಬಾಳೇಶ ಅವಸರದಿಂದ ಮಾಂತೇಶನ ಹತ್ತಿರ ಹೋಗಿ ದನಿ ತಗ್ಗಿಸಿದ. "ಈಗ ಬ್ಯಾಡ್ರಿ. ಪಟ್ಟಿ ಬೈಕಿನ ಮ್ಯಾಲ ಇಟ್ಟ ಬರ್ರಿ."

"ತಂದಿಲ್ರಿ" ಎಂದ ಮಾಂತೇಶ ದೊಡ್ಡ ದನಿಯಲ್ಲಿ. ಗೋಣಿಚೀಲ ಖಾಲಿಯಿತ್ತು. "ಒಯ್ಯಾಕ ಬಂದೀನಿ. ಕೊಟ್ಟದ್ದೆಲ್ಲಾ ತಗದ ಕೊಡ್ರಿ."

"ಯಾವ ಪಟ್ಟಿ?" ಎಂದ ಬಾಳೇಶ.

ಟಿ.ವಿ. ಆ ದಿನ ಬಂದಾಗಿತ್ತು. ಆಗ ಸತ್ಯವ್ವ ನೆಲ ನೋಡುತ್ತಲೇ ಅಂದಳು: "ವಾಷಿಂಗ್ ಮಷಿನ್ ಹಿಂದ, ನೀಲಿ ಡ್ರಮ್ಮಿನ್ಯಾಗ."

"ಏ ಸತ್ಯವ್ವಾ!"

"ಹೊಸಬಾಕಿ ಅಂದ್ರಲ್ರಿ ನನಗ? ಹೊಸಬರಿಗಿ ಸುಳ್ಳ ಹೇಳಾಕ ಬರಂಗಿಲ್ಲ."

ಮಾಂತೇಶ ಡ್ರಮ್ಮನ್ನೇ ನಡುಕೋಣೆಗೆ ಎಳೆದು ತಂದು ಬೋರಲು ಹಾಕಿದ. ಪಟ್ಟಿಗಳು ಹಾವಿನ ಮರಿಗಳ ಹಾಗೆ ನೆಲದ ಮೇಲೆ ಬಿದ್ದವು. ಉಚ್ಚೆಯಲ್ಲಿ ನೆನೆದವು, ಸಾರು ಅಂಟಿದವು, ರಕ್ತ ಒಣಗಿ ಕಂದಾದವು. ಮೇಡಮ್ ಮೂಗಿಗೆ ಕರವಸ್ತ್ರ ಹಿಡಿದು ಹಿಂದೆ ಸರಿದರು. ಮಾಂತೇಶ ಕುಕ್ಕರುಗಾಲಲ್ಲಿ ಕುಳಿತು ಒಂದೊಂದನ್ನೇ ಎತ್ತಿ ಚೀಲಕ್ಕೆ ಹಾಕತೊಡಗಿದ.

"ಇವು ನಿಮ್ಮವಂತ ಏನ ಗುರ್ತು?" ಎಂದರು ಮೇಡಮ್.

"ನಾನ ನೇದೀನ್ರಿ. ನಮ್ಮವ್ವನ ಮಗ್ಗದ ಮ್ಯಾಲ." ಅವನು ತಲೆ ಎತ್ತಲಿಲ್ಲ. "ಅಂಚಿಗಿ ಆಕಿ ಹಸರ ಎಳಿ ಐತಿ. ಯಾತಕ್ಕಂತ ಕೇಳಲಿಲ್ಲ. ಛಲೋ ಆಗ್ಯಾವ ಅಂದಾ, ಹಿಗ್ಗಿದೆ. ಬರಕೋರಿ ಇದನ್ನೂ. ಇವರ ಒಬ್ಬರ ಹೆಸರ ಬ್ಯಾಡ, ನಂದೂ ಬರಕೋರಿ."

ಬಾಳೇಶನ ನಯ ಹೋಯಿತು. "ಸರೀರಿ. ಇಷ್ಟ ತಾಪತ್ರಯ ಆದ್ರ ಮಾಲಕರಿಗಿ ಹೇಳಿ ಮುಚ್ಚಿಬಿಡ್ತೀವಿ. ಎಲ್ಲಾರೂ ನಿಮ್ಮ ನಿಮ್ಮ ಮುದುಕರನ್ನ ಇವತ್ತ ಮನಿಗಿ ಒಯ್ರಿ. ನೋಡೂಣು."

ಬಂದಿದ್ದ ಮನೆಯವರೆಲ್ಲ ಮುಖ ಕೆಳಗೆ ಹಾಕಿದರು. ಲೋಕಾಪುರದಿಂದ ತಂದೆಯನ್ನು ನೋಡಲು ಬಂದಿದ್ದ ಒಬ್ಬ, "ಹಂಗಲ್ರಿ ಸಾಹೇಬ್ರ, ಹೊಂದಾಣಿಕಿ ಮಾಡ್ಕೊಳ್ಳೂಣು" ಎಂದ. ಮಥುರಾಬಾಯಿ ಗಂಡನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಬಾಳೇಶ ಎದೆಯ ಮೇಲೆ ಕೈ ಕಟ್ಟಿ ನಿಂತ.

ಕಾಂಚನಾ ಎದ್ದಳು. ಜೋರಾಗಿ ಮಾತಾಡಿ ಅಭ್ಯಾಸವಿಲ್ಲದ ಹೆಂಗಸು, ದನಿ ಒಡೆಯಿತು, ಆದರೂ ನಿಲ್ಲಲಿಲ್ಲ.

"ಮುಚ್ಚೂದು ಬ್ಯಾಡ. ಬಾಗಲಾ ತಗೀರಿ. ಇಷ್ಟ ಕೇಳಾಕತ್ತೀನಿ ನಾ. ಯಾವ ವಾರ ಆಗಲಿ, ಉಣ್ಣೂ ಹೊತ್ತಿಗಿ ಗೇಟ ತಗದಿರಬೇಕು. ನಾವ ಬಂದು ಉಣಸ್ತೀವಿ, ನಮ್ಮವರಿಗಷ್ಟ ಅಲ್ಲ, ಬಾಜೂಕಿನವರಿಗೂ. ಇವತ್ತ ತೋರಸಾಕ ತಂದ ನಿಲ್ಲಿಸೀರಲ್ಲ ಇಬ್ಬರು ಹೆಣಮಕ್ಕಳನ್ನ, ಅವರು ನಾಳೆನೂ ಇರಬೇಕು. ಖರೆ ಹೇಳಿದ್ದಕ್ಕ ಸತ್ಯವ್ವನ ಕೆಲಸಾ ಹೋಗಬಾರದು. ನಾವೇನ ಪುಕ್ಕಟೆ ಇಟ್ಟಿಲ್ಲ ಇಲ್ಲೆ ಇವರನ್ನ."

ಆಮೇಲೆ ಮೇಡಮ್ ಕಡೆ ತಿರುಗಿದಳು. "ಮೇಡಮ್ಮಾರ, ನೀವು ಫೋನ ಮಾಡಿ ಬಂದ್ರಿ, ನಿಮಗ ಚೆಂಡಹೂವ ಕಂಡ್ವು. ನಾ ಫೋನ ಮಾಡದ ಬಂದೆ, ನನಗ ಇದು ಕಂಡಿತು. ಇನ್ನೊಮ್ಮೆ ಬರೂದಿದ್ರ ಹೇಳದ ಬರ್ರಿ. ಇಲ್ಲಂದ್ರ ಬರಬ್ಯಾಡ್ರಿ. ನೀವು ಬಂದ ಹೋದ ಮ್ಯಾಲ ಇವರ ಧೈರ್ಯ ಇನ್ನೂ ಹೆಚ್ಚ ಆಗತೈತಿ."

ಮೇಡಮ್ ಮುಖ ಬಿಗಿಯಾಯಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗೂಳಪ್ಪ ಕೋಲು ಊರಿ, ಹೆಂಡತಿಯ ಕುರ್ಚಿಯ ಹತ್ತಿರ ನೆಲದ ಮೇಲೆ ಕುಳಿತುಬಿಟ್ಟ. ಮುತ್ತವ್ವ ಅವನನ್ನು ನೋಡಿ, ಕೈಯಲ್ಲಿದ್ದ ಬಾಳೆಹಣ್ಣು ಮುರಿದು ಅರ್ಧ ಕೊಟ್ಟಳು.

"ತಿನ್ನಪಾ ಮುದುಕಾ. ಹಸದೀ."

ಮೇಡಮ್ ಬಾಯಿ ಮುಚ್ಚಿದರು. ಬಾಗಿ, ಒಂದು ಪಟ್ಟಿಯನ್ನು ತಾವೇ ಬೆರಳ ತುದಿಯಲ್ಲಿ ಎತ್ತಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. "ಇದೊಂದು ನನ್ನ ಹತ್ರ ಇರಲಿ" ಎಂದರು.

*

ಎಲ್ಲವೂ ಸರಿಹೋಯಿತು ಎನ್ನುವಂತಿರಲಿಲ್ಲ. ಮಾಲಕರಿಗೆ ನೋಟೀಸು ಬಂತು. ಆ ಇಬ್ಬರು ಹೆಂಗಸರಲ್ಲಿ ಒಬ್ಬಳು ಮಾತ್ರ ಉಳಿದಳು. ಬಾಳೇಶ ಅಲ್ಲೇ ಇದ್ದ, ಕಾಂಚನಾಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಆದರೆ ಮಧ್ಯಾಹ್ನ ಗೇಟು ತೆರೆದಿರುತ್ತಿತ್ತು. ಮಥುರಾಬಾಯಿ ಒಂದು ದಿನ ಹೋದರೆ ಕಾಂಚನಾ ಇನ್ನೊಂದು ದಿನ, ಕಾಲೇಜು ಬಿಟ್ಟ ಮೇಲೆ ಶೀತಲ್ ಮತ್ತೊಂದು ದಿನ. ಯಾರು ಯಾವಾಗ ಬರುತ್ತಾರೆಂಬುದು ಬಾಳೇಶನಿಗೆ ಗೊತ್ತಾಗದ ಹಾಗೆ ವಾರ ಬದಲಿಸುತ್ತಿದ್ದರು. ಲೋಕಾಪುರದವನೂ ಹೊಂದಾಣಿಕೆಯ ಮಾತು ಬಿಟ್ಟು, ತಿಂಗಳಿಗೆರಡು ಸಲ ಬರತೊಡಗಿದ. ಕಾಂಚನಾ ಪ್ರತಿ ಸಲವೂ ಎಲ್ಲರ ಮುಂಗೈ ತಿರುಗಿಸಿ ನೋಡುತ್ತಿದ್ದಳು, ಮಕ್ಕಳ ಉಗುರು ನೋಡುವ ಹಾಗೆ. ಅವಳ ಸಿಟ್ಟು ಇಳಿದಿರಲಿಲ್ಲ. ಇಳಿಯಲು ಅವಳು ಬಿಡಲೂ ಇಲ್ಲ.

ಒಂದು ಅಮಾವಾಸ್ಯೆ, ಮಗ್ಗಗಳಿಗೆಲ್ಲ ರಜೆ. ಮಾಂತೇಶ ಕತ್ತರಿ ಹಿಡಿದು ಅವ್ವನ ಕೈಮಗ್ಗದ ಮುಂದೆ ಬಹಳ ಹೊತ್ತು ನಿಂತ. ಗೂಳಪ್ಪ ಕಟ್ಟೆಯ ಮೇಲಿಂದ ನೋಡುತ್ತಿದ್ದ.

"ಅಪಶಕುನ ಆಗತೈತೇನ್ ಯಪ್ಪಾ?"

"ಆಗೂದೆಲ್ಲಾ ಆಗಿ ಹೋತು. ಕೊಯ್ಯಿ."

ಮಾಂತೇಶ ಹಾಸು ಕೊಯ್ದ. ಎಳೆಗಳು ಸಡಿಲಾಗಿ ಜೋತುಬಿದ್ದವು. ಅವನ್ನು ಬಾಚಿ ಒಂದು ಬುಟ್ಟಿಗೆ ತುಂಬಿದ. "ಕಾಂಚನಾ, ಇವತ್ತ ನಿನ್ನ ಪಾಳಿ ಅಲ್ಲ? ನಾನೂ ಬರ್ತೀನಿ" ಎಂದ. ಕಾಂಚನಾ ಮುಟಗಿಯ ಡಬ್ಬಿಗೆ ಮುಚ್ಚಳ ಹಾಕುತ್ತ, "ಹ್ಞೂಂ, ನಡೀರಿ" ಎಂದಳು.

ಮುತ್ತವ್ವನ ಮಡಿಲಿಗೆ ಆ ಬುಟ್ಟಿ ಇಟ್ಟರು. ಅವಳ ಕೈಗಳು ತಾವಾಗಿಯೇ ಒಳಗೆ ಇಳಿದವು. ಒಂದು ಎಳೆ ಎತ್ತಿದಳು, ಅದರ ತುದಿ ಹುಡುಕಿದಳು, ಇನ್ನೊಂದರ ತುದಿಗೆ ಸೇರಿಸಿ ಹೊಸೆದಳು. ಗಂಟು ಬಿತ್ತು. ಮತ್ತೊಂದು ಎಳೆ. ಚಾದರ ಹರಿಯುತ್ತಾಳೆಂದು ಕಟ್ಟಿಟ್ಟಿದ್ದ ಕೈಗಳು ಅವೇ. ಸತ್ಯವ್ವ ಬಾಗಿಲಲ್ಲಿ ನಿಂತು ನೋಡಿದಳು. "ಇಷ್ಟಕ್ಕ ಬಗೀಹರೀತಿತ್ತೇನ್ರಿ ಅಕ್ಕಾರ?" ಎಂದಳು.

ಮಾಂತೇಶ ಅವ್ವನ ಕಾಲ ಬಳಿ ಕುಳಿತು ಎಳೆ ಬಿಡಿಸಿ ಕೊಡತೊಡಗಿದ. ಸ್ವಲ್ಪ ಹೊತ್ತಿಗೆ ಹಸಿರೆಳೆಯೊಂದು ಅವಳ ಕೈಗೆ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಹುಬ್ಬು ಗಂಟಿಕ್ಕಿತು.

"ಎಳಿ ಕಡದೈತಿ. ಮಗ್ಗ ನಿಲ್ಲಸ್ರೋ."

"ನಿಲ್ಲಸೇನಿ ಬೇ ಯವ್ವಾ."

ಮುತ್ತವ್ವ ಅವನ ಮುಖವನ್ನು ದಿಟ್ಟಿಸಿ ನೋಡಿದಳು. ಗುರುತು ಹತ್ತಲಿಲ್ಲ.

"ನೀ ಯಾರಪಾ? ನಿನಗ್ಯಾಕ ಹೇಳಲಿ. ನಮ್ಮ ಮಾಂತ್ಯಾಗ ಹೇಳು. ಅವನ ಕೈ ಭಾಳ ಛಲೋ ಐತಿ."

ಮಾಂತೇಶ ತನ್ನ ಕೈಗಳನ್ನು ನೋಡಿಕೊಂಡ. ಅವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಹೇಳ್ತೇನ್ರಿ" ಎಂದ.